ಓದುವುದಕ್ಕೆ ಯಾವುದು: ಇ-ರೀಡರೋ, ಟ್ಯಾಬ್ಲೆಟ್ಟೋ?

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಶಾಲೆಯ ಗ್ರಂಥಾಲಯಕ್ಕೆ ಏನಾದರೂ ಕೊಡಬೇಕೆಂದು ನಮ್ಮ ಬ್ಯಾಚಿನವರು ಹಣ ಕೂಡಿಸಿದೆವು. "ನೀನು ಬಿ.ಇ. ಓದಿದವನು, ಸಾಫ್ಟ್‌ವೇರ್‌ನಲ್ಲಿದ್ದೀಯ. ಇ-ರೀಡರ್ ಕೊಡೋಣವೋ ಟ್ಯಾಬ್ಲೆಟ್ ಕೊಡೋಣವೋ ನೀನೇ ಹೇಳು" ಎಂದು ಗೆಳೆಯರು ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ನಾನು ಕಂಡುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಇ-ರೀಡರ್ ಓದುವುದಕ್ಕೆಂದೇ ಇರುವ ಸಾಧನ. ಅದರ ಪರದೆಯೊಳಗೆ ಕೂದಲೆಳೆಯಷ್ಟು ಸಣ್ಣ ಗುಳಿಗೆಗಳಿರುತ್ತವೆ. ಅವುಗಳಲ್ಲಿರುವ ಕಪ್ಪು-ಬಿಳಿ ಕಣಗಳನ್ನು ವಿದ್ಯುತ್ತು ಮೇಲಕ್ಕೂ ಕೆಳಕ್ಕೂ ಸರಿಸಿ ಅಕ್ಷರ ಮೂಡಿಸುತ್ತದೆ. ಒಮ್ಮೆ ಮೂಡಿದ ಪುಟ ನಿಲ್ಲಲು ವಿದ್ಯುತ್ತು ಬೇಡ. ಹಾಗಾಗಿ ಒಂದು ಚಾರ್ಜಿಗೆ ವಾರಗಟ್ಟಲೆ ಬರುತ್ತದೆ, ಬಿಸಿಲಿನಲ್ಲೂ ಕಾಗದದಂತೆ ಓದಬಹುದು. ಟ್ಯಾಬ್ಲೆಟ್ಟಿನಲ್ಲಿ ಬಣ್ಣ, ವಿಡಿಯೋ, ಆಟ, ಇಂಟರ್ನೆಟ್ ಎಲ್ಲವೂ ಉಂಟು. ಅಮೆಜಾನಿನ ಕಿಂಡಲ್ 2007ರಲ್ಲಿ, ಆಪಲ್‌ನ ಐಪ್ಯಾಡ್ 2010ರಲ್ಲಿ ಬಂದವು. ಅಂದಿನಿಂದಲೂ ಓದುವವರಿಗೆ ಈ ಪ್ರಶ್ನೆ ಇದ್ದೇ ಇದೆ.

ನಾನು ಮೊದಲು ಕೊಂಡದ್ದು ಟ್ಯಾಬ್ಲೆಟ್. ಇಪ್ಪತ್ತು ಪುಸ್ತಕ ತುಂಬಿಸಿಕೊಂಡೆ. ವರ್ಷದಲ್ಲಿ ಮುಗಿಸಿದ್ದು ಎರಡು. ಪುಟ ತಿರುವುವಷ್ಟರಲ್ಲಿ ಕ್ರಿಕೆಟ್ ಸ್ಕೋರು, ಆಫೀಸಿನ ಮೆಸೇಜು. ಆಮೇಲೆ ಇ-ರೀಡರ್ ಕೊಂಡೆ. ಅದರಲ್ಲಿ ಓದುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಇಂಗ್ಲಿಷ್ ಕಾದಂಬರಿಗಳು ಒಂದರ ಹಿಂದೆ ಒಂದು ಮುಗಿದವು.

ಹಾಗಾದರೆ ಇ-ರೀಡರೇ ಸರಿ ಎಂದುಕೊಂಡು, ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಕಾದಂಬರಿಯೊಂದನ್ನು ಅದಕ್ಕೆ ಹಾಕಿ ಅಪ್ಪನಿಗೆ ಕೊಟ್ಟೆ. ಎರಡು ಪುಟ ನೋಡಿ, "ಒತ್ತಕ್ಷರ ಎಲ್ಲ ಇರುವೆ ಹರಿದ ಹಾಗಿದೆಯಪ್ಪ" ಎಂದು ವಾಪಸ್ ಕೊಟ್ಟರು. ಆರಿಂಚಿನ ಪರದೆಯಲ್ಲಿ ಸ್ಕ್ಯಾನ್ ಮಾಡಿದ ಇಡೀ ಪುಟ ಹಿಡಿಸಿದರೆ ಅಕ್ಷರ ಸಾಸಿವೆ ಕಾಳಾಗುತ್ತದೆ; ದೊಡ್ಡದು ಮಾಡಿದರೆ ಸಾಲು ಸಾಲಿಗೂ ಎಳೆದಾಡಬೇಕು. ಅದೇ ಕಾದಂಬರಿಯನ್ನು ಹತ್ತಿಂಚಿನ ಟ್ಯಾಬ್ಲೆಟ್ಟಿನಲ್ಲಿ ಅಪ್ಪ ಓದಿ ಮುಗಿಸಿದರು. ಇನ್ನು ಮೈಲ್ಯಾಂಗ್‌ನಂತಹ ಕನ್ನಡ ಇ-ಪುಸ್ತಕದ ಆಪ್‌ಗಳು ಇರುವುದೂ ಫೋನು, ಟ್ಯಾಬ್ಲೆಟ್‌ಗಳಿಗೆ. ನಮ್ಮ ಪಠ್ಯಪುಸ್ತಕದ ಕ್ಯೂಆರ್ ಕೋಡ್ ತೋರಿಸಿದರೆ ದೀಕ್ಷಾದಲ್ಲಿ ಪಾಠದ ವಿಡಿಯೋ ತೆರೆದುಕೊಳ್ಳುತ್ತದೆ. ಅದಕ್ಕೂ ಟ್ಯಾಬ್ಲೆಟ್ಟೇ ಬೇಕು.

ಲೆಕ್ಕ ಹಾಕುತ್ತಾ ಕುಳಿತಾಗ ನನಗೆ ನೆನಪಾದದ್ದು ಸ್ಟಾಫ್ ರೂಮಿನ ಕಬ್ಬಿಣದ ಬೀರು. ಆಗ ನಮ್ಮ ಗ್ರಂಥಾಲಯವೆಂದರೆ ಅದೊಂದೇ. ಶನಿವಾರ ಕನ್ನಡ ಮೇಷ್ಟ್ರು ಬೀಗ ತೆಗೆದು ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ ಕೊಡುತ್ತಿದ್ದರು. ಕೈಯಲ್ಲಿ ಬೇರೇನೂ ಇರುತ್ತಿರಲಿಲ್ಲ, ಹಾಗಾಗಿ ಕೊನೆಯ ಪುಟದವರೆಗೂ ಓದುತ್ತಿದ್ದೆ. ಎಷ್ಟೋ ಪುಸ್ತಕಗಳು ನಾನು ಹುಟ್ಟುವ ಮೊದಲೇ ಕೊಂಡವು. ಯಾವ ಟ್ಯಾಬ್ಲೆಟ್ಟಿನ ಬ್ಯಾಟರಿಯೂ ಅಷ್ಟು ವರ್ಷ ಬಾಳುವುದಿಲ್ಲ.

ಕೊನೆಗೆ ನಾನು ಹೇಳಿದ್ದು ಇಷ್ಟು: ಪಾಠಕ್ಕೂ ಹಳೆಯ ಕನ್ನಡ ಪುಸ್ತಕಕ್ಕೂ ಹತ್ತಿಂಚಿನ ಎರಡು ಟ್ಯಾಬ್ಲೆಟ್, ಸಿಮ್ ಇಲ್ಲದೆ, ಬೇಕಾದ ಆಪ್ ಮಾತ್ರ ಹಾಕಿ. ಇಂಗ್ಲಿಷ್ ಓದು ರೂಢಿಯಾಗಲು ಒಂದು ಇ-ರೀಡರ್. ಅದರಲ್ಲಿ ತಿಳಿಯದ ಪದ ಮುಟ್ಟಿದರೆ ಅರ್ಥ ಅಲ್ಲೇ ಬರುತ್ತದೆ. ಉಳಿದ ಹಣಕ್ಕೆಲ್ಲ ಕನ್ನಡದ ಅಚ್ಚಿನ ಪುಸ್ತಕ. "ಸಾಫ್ಟ್‌ವೇರಿನವನು ಹೇಳುವ ಮಾತೇ ಇದು?" ಎಂದು ಗೆಳೆಯರು ನಕ್ಕರು. ಇಪ್ಪತ್ತು ಟ್ಯಾಬ್ಲೆಟ್ ಸಾಲಾಗಿಟ್ಟರೆ ಫೋಟೋ ಚೆನ್ನಾಗಿ ಬರುತ್ತಿತ್ತು ನಿಜ. ಆದರೆ ಅವನ್ನು ದಿನಾ ಚಾರ್ಜ್ ಮಾಡುವವರು ಯಾರು, ಕೆಟ್ಟರೆ ರಿಪೇರಿ ಮಾಡಿಸುವವರು ಯಾರು? ಎರಡಾದರೆ ಆ ಜವಾಬ್ದಾರಿಯನ್ನು ನಮ್ಮ ಬ್ಯಾಚೇ ಹೊರಬಹುದು ಎಂದೆ. ಗೆಳೆಯರು ಒಪ್ಪಿದರು.

ಮಕ್ಕಳೇ, ನಾಳೆಯಿಂದ ಇವೆಲ್ಲ ನಿಮ್ಮವು. ಕೈಯಲ್ಲಿ ಯಾವುದೇ ಇರಲಿ, ದಿನಕ್ಕೆ ಅರ್ಧ ಗಂಟೆ ಬೇರೆಲ್ಲ ಮುಚ್ಚಿಟ್ಟು ಓದಿ. ಅಂದು ಬೀರುವಿನ ಬೀಗ ತೆಗೆದ ಮೇಷ್ಟ್ರಿಗೆ ಕೈಮುಗಿದು ನನ್ನ ಮಾತು ಮುಗಿಸುತ್ತೇನೆ.