ಸೆಕೆಯೂ ಕತ್ತಲೆಯೂ ಕೂಡಿ ಬಂದಾಗ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹೊಟೇಲಿನ ಭಟ್ಟಿಯ ಮುಂದೆ, ಗಿರಣಿಯ ಮಗ್ಗಗಳ ನಡುವೆ ದುಡಿಯುವ ನಮಗೆ ಸೆಕೆ ಹೊಸದಲ್ಲ. ಆದರೆ ‘ನಮಗೆ ಅಭ್ಯಾಸವಾಗಿದೆ’ ಎಂಬ ಧೈರ್ಯವೇ ಮುಳುವಾಗಬಾರದೆಂದು ಇಂದು ನಾಲ್ಕು ಮಾತು.

ಮುಂಬಯಿಯಂಥ ಕಡಲೂರಿನಲ್ಲಿ ಉಷ್ಣತೆ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿಯೆಂದು ಎಣಿಸುತ್ತದೆ. ಇಲ್ಲಿಯ ಗಾಳಿ ತೇವದ್ದು. ಬೆವರು ಬೇಗ ಆರದು. ಬೆವರು ಆರದಿದ್ದರೆ ಮೈ ತಣಿಯದು. 2023ರ ಏಪ್ರಿಲ್ 16ರಂದು ಖಾರ್‌ಘರದ ಬಯಲು ಸಭೆಗೆ ಬಂದವರಲ್ಲಿ ಹದಿನಾಲ್ಕು ಜನ ಬಿಸಿಲಿನ ತಾಪಕ್ಕೆ ಪ್ರಾಣ ತೆತ್ತರು. ಅಂದಿನ ಉಷ್ಣತೆ 38 ಡಿಗ್ರಿಯ ಆಸುಪಾಸು ಮಾತ್ರ!

ಇನ್ನು ವಿದ್ಯುತ್ತು. 2020ರ ಅಕ್ಟೋಬರ್ 12ರ ಬೆಳಿಗ್ಗೆ ಮುಂಬಯಿಯ ಬಹುಭಾಗ ವಿದ್ಯುತ್ತಿಲ್ಲದೆ ಸ್ತಬ್ಧವಾಯಿತು. ಲೋಕಲ್ ಗಾಡಿಗಳು ನಿಂತಲ್ಲೇ ನಿಂತವು. ಅಂಥದು ಮೇ ತಿಂಗಳ ರಾತ್ರಿ ಒದಗಿದರೆ ಹತ್ತು ಜನ ಮಲಗುವ ನಮ್ಮ ಕೋಣೆಯ ಗತಿಯೇನು? ಪಂಖ ನಿಲ್ಲುತ್ತದೆ, ಪಂಪು ನಿಂತು ನಲ್ಲಿಯೂ ಬತ್ತುತ್ತದೆ.

ಆದುದರಿಂದ ಬೇಸಿಗೆಯಲ್ಲಿ ಕೊಡಗಳು ಸದಾ ತುಂಬಿರಲಿ. ಬ್ಯಾಟರಿ ದೀಪ ಕೈಗೆ ಸಿಗುವಂತಿರಲಿ. ಮಲಗಿದವರ ನಡುವೆ ಮೇಣದ ಬತ್ತಿ ಬೇಡ. ಹಗಲು ಬಿಸಿಲು ಬೀಳುವ ಕಿಟಕಿಗೆ ಪರದೆ ಎಳೆಯಿರಿ, ರಾತ್ರಿ ತೆರೆಯಿರಿ. ತಗಡಿನ ಮಾಡಿಗೆ ಬಿಳಿ ಸುಣ್ಣ ಬಳಿದರೆ ಕಾವು ತಗ್ಗುತ್ತದೆ. ಕರೆಂಟು ಹೋದೊಡನೆ ಸ್ವಿಚ್ಚುಗಳನ್ನು ಆರಿಸಿ, ಒಂದು ದೀಪದ್ದು ಬಿಟ್ಟು. ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಸುಮಾರು 4 ತಾಸು ತಂಪು ಉಳಿಯುತ್ತದೆ.

ಬಾಯಾರುವ ಮೊದಲೇ ನೀರು ಕುಡಿಯಬೇಕು. ಬೆವರಿ ಬಸವಳಿದವನಿಗೆ ಉಪ್ಪು ಬೆರೆಸಿದ ಮಜ್ಜಿಗೆ, ಗಂಜಿ ತಿಳಿ ಒಳ್ಳೆಯದು. 1 ಲೀಟರ್ ಶುದ್ಧ ನೀರಿಗೆ 6 ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಕಲಸಿದರೂ ಆಯಿತು. ಚಹದ ಚಮಚೆ, ಮಟ್ಟಸವಾಗಿ ಅಳೆದದ್ದು.

ಮೈ ಕಾದು, ಮಾತು ತೊದಲಿ, ಬುದ್ಧಿ ತಪ್ಪಿದಂತಾದರೆ ಅದು ಬರಿಯ ಆಯಾಸವಲ್ಲ. ‘ಮಲಗಲಿ, ಸರಿಹೋದಾನು’ ಎನ್ನಬೇಡಿ. ನೆರಳಿಗೆ ಒಯ್ದು, ಮೈತುಂಬ ನೀರು ಸುರಿದು ಗಾಳಿ ಬೀಸಿ. ಜತೆಗೇ ಒಬ್ಬರು 108ಕ್ಕೆ ಫೋನು ಮಾಡಿ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಕೂಡದು.

ಕಡೆಯದಾಗಿ, ರಾತ್ರಿ ಪಾಳಿ ಮುಗಿಸಿ ಹಗಲು ತಗಡಿನಡಿ ಒಬ್ಬನೇ ಮಲಗುವ ಸೋದರನನ್ನು ಮಧ್ಯಾಹ್ನ ಒಮ್ಮೆ ಎಬ್ಬಿಸಿ ನೋಡೋಣ. ಭಟ್ಟಿಯ ಬಳಿ ಕುಡಿಯುವ ನೀರು, ಗಳಿಗೆ ವಿಶ್ರಾಂತಿ ಬೇಕೆಂದು ಯಜಮಾನರನ್ನು ಒಟ್ಟಾಗಿ ಕೇಳೋಣ. ಇದು ದಾಕ್ಷಿಣ್ಯದ ಮಾತಲ್ಲ, ಜೀವದ ಮಾತು.