ನಾಯಿಗೊಂದು ಚುಚ್ಚುಮದ್ದು

ನಾಯಿ ಸಾಕುವವರಲ್ಲಿ ಎರಡು ಪಂಥಗಳುಂಟು. ಮೊದಲನೆಯವರು ವೈದ್ಯರು ಹೇಳಿದ ದಿನ, ಹೇಳಿದ ಚುಚ್ಚುಮದ್ದನ್ನೆಲ್ಲ ಹಾಕಿಸಿ, ಚೀಟಿಯನ್ನು ಜಾತಕದಂತೆ ಜೋಪಾನ ಮಾಡುವವರು. ಎರಡನೆಯವರು, ‘ನಮ್ಮ ನಾಯಿ ಗೇಟು ದಾಟುವುದೇ ಇಲ್ಲ, ಅದಕ್ಕೇಕೆ ಈ ಉಪದ್ರವ?’ ಎನ್ನುವವರು. ಹನ್ನೆರಡು ವರ್ಷಗಳಿಂದ ಕರಿಯನೆಂಬ ನಾಯಿಯೊಂದರ ಯಜಮಾನನಾಗಿರುವ, ಅದರ ದೃಷ್ಟಿಯಲ್ಲಿ ಬಹುಶಃ ಸೇವಕನಾಗಿರುವ, ನನ್ನ ನಿಲುವೇನೆಂಬುದನ್ನು ಈ ಹೊತ್ತು ತಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ. ನಾನು ಪಶುವೈದ್ಯನಲ್ಲ, ಕನ್ನಡದ ಮೇಷ್ಟ್ರು. ಆದಕಾರಣ ತಮ್ಮ ತಮ್ಮ ನಾಯಿಯ ವಿಷಯದಲ್ಲಿ ಕೊನೆಯ ಮಾತು ಅದನ್ನು ಮುಟ್ಟಿ ನೋಡುವ ವೈದ್ಯರದೇ ಆಗಬೇಕು.

ಕನ್ನಡದ ಮೇಷ್ಟರಿಗೆ ನಾಯಿಯೆಂದೊಡನೆ ಆತಕೂರಿನ ಶಾಸನ ನೆನಪಾಗದೆ ಇರದು. ಮದ್ದೂರು ಸೀಮೆಯಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲು ಕ್ರಿ.ಶ. 949-50ರ ಕಾಲದ್ದು. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನು ಮೆಚ್ಚಿದ ಒಡೆಯನಲ್ಲಿ ಬೇಡಿದ್ದು ಹೊನ್ನನ್ನಲ್ಲ, ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಂದರೊಡನೆ ಹೋರಾಡಿತು, ಎರಡೂ ಮಡಿದವು. ಮಣಲೇರನು ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿದ, ಪೂಜೆಗೆ ಭೂಮಿಯನ್ನು ಬಿಟ್ಟ. ಹಂದಿಯೊಡನೆ ಸೆಣಸಿ ಸತ್ತ ನಾಯಿಗೆ ಜನ ಕಲ್ಲು ನಿಲ್ಲಿಸಿದರು. ಹುಚ್ಚು ಹಿಡಿದು ಸಾಯುವ ನಾಯಿಯತ್ತ ಕಲ್ಲು ಬೀರುತ್ತಾರೆ. ಎರಡೂ ಸಾವೇ, ಆದರೆ ಎರಡನೆಯದನ್ನು ತಪ್ಪಿಸುವುದು ಸಾಕಿದವನ ಕೈಯಲ್ಲಿದೆ.

ಈ ಹುಚ್ಚು ಎಂಬುದು, ಎಂದರೆ ರೇಬೀಸ್, ವಿಚಿತ್ರವಾದ ಕಾಯಿಲೆ. ಕಚ್ಚಿದ ನಾಯಿಯ ಜೊಲ್ಲಿನೊಡನೆ ಗಾಯವನ್ನು ಹೊಕ್ಕ ವೈರಾಣು ರಕ್ತದ ಹೆದ್ದಾರಿಯನ್ನು ಹಿಡಿಯುವುದಿಲ್ಲ. ನರದ ಕಾಲುದಾರಿಯಲ್ಲಿ ಮೆಲ್ಲಮೆಲ್ಲನೆ ಮಿದುಳಿನತ್ತ ಸಾಗುತ್ತದೆ. ಅದಕ್ಕೆ ವಾರಗಳೂ ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು. ಈ ನಿಧಾನವೇ ನಮಗೆ ಸಿಗುವ ಅವಕಾಶ. ಮಿದುಳನ್ನು ಮುಟ್ಟಿ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಸಾವು ಬಹುತೇಕ ಖಚಿತ. ನಾನು ಬಾಲಕನಾಗಿದ್ದಾಗ ನಮ್ಮ ಊರಿನ ದನಕಾಯುವ ಹುಡುಗನೊಬ್ಬನನ್ನು ನಾಯಿ ಕಚ್ಚಿತು. ಗಾಯಕ್ಕೆ ಸುಣ್ಣ, ಮೆಣಸಿನಪುಡಿ ಮೆತ್ತಿದರು. ಎರಡು ತಿಂಗಳ ಮೇಲೆ ಅವನ ತಾಯಿ ಚೊಂಬಿನಲ್ಲಿ ನೀರು ತಂದರೆ ಅವನು ಗಂಟಲು ಹಿಡಿದುಕೊಂಡು ಗೋಡೆಗೆ ಒತ್ತಿಕೊಳ್ಳುತ್ತಿದ್ದ. ಬಾಯಾರಿಕೆಯಿಂದ ನರಳುತ್ತಿದ್ದವನಿಗೆ ನೀರೇ ಶತ್ರುವಾಗಿತ್ತು. ಅಂದಿಗೆ ಮೂರನೆಯ ದಿನ ಅವನು ತೀರಿಕೊಂಡ. ಕಚ್ಚಿದ ಕೂಡಲೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕೆಂಬ ತಿಳಿವಳಿಕೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಲೋಕದಲ್ಲಿ ಪ್ರತಿವರ್ಷ ಈ ರೋಗಕ್ಕೆ ಬಲಿಯಾಗುವವರು ಸುಮಾರು 59,000 ಮಂದಿಯೆಂದು ಒಂದು ಅಂದಾಜು. ಅವರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ನಮ್ಮ ದೇಶದವರು. ಬಹಳಷ್ಟು ಜನ ಮಕ್ಕಳು. ನೂರಕ್ಕೆ 99 ಪಾಲು ರೋಗ ಬರುವುದು ನಾಯಿಯಿಂದಲೇ. ಹಾಗಿದ್ದೂ ಇದು ಮದ್ದಿಲ್ಲದ ಕಾಲದ ಮಾತಲ್ಲ. ಪ್ಯಾರಿಸಿನಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರನಿಗೆ ಮೊದಲ ಲಸಿಕೆ ಕೊಡಿಸಿದ್ದು 1885ರ ಜುಲೈ 6ರಂದು. 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ಕುನೂರಿನಲ್ಲಿ ಪಾಶ್ಚರನ ಹೆಸರಿನ ಸಂಸ್ಥೆಗಳು ತಲೆಯೆತ್ತಿದವು. ಕಸೌಲಿಯ ಸೆಂಪಲ್ ಸಾಹೇಬರು ಕುರಿಯ ಮಿದುಳಿನಿಂದ ಸಿದ್ಧಪಡಿಸಿದ ಲಸಿಕೆಯ ನೆನಪು ನನ್ನ ವಯಸ್ಸಿನ ಕೇಳುಗರಿಗೆ ಇದ್ದೇ ಇರುತ್ತದೆ: ಹೊಕ್ಕುಳ ಸುತ್ತ 14 ಚುಚ್ಚುಮದ್ದು! ನಾಯಿಗಿಂತ ಆ ಸೂಜಿಗೇ ಹೆಚ್ಚು ಹೆದರಿದವರುಂಟು. 2005ರ ವೇಳೆಗೆ ನಮ್ಮ ದೇಶ ಅದನ್ನು ಕೈಬಿಟ್ಟಿತು. ಈಗ ತೋಳಿಗೆ ನಾಲ್ಕೈದು ಸಲ ಚುಚ್ಚಿದರೆ ಆಯಿತು. ಗಾಯ ಆಳವಾಗಿದ್ದರೆ ಅದರ ಸುತ್ತ ಪ್ರತಿವಿಷವನ್ನೂ ಕೊಡುತ್ತಾರೆ. ಇದೆಲ್ಲ ಕಚ್ಚಿದ ಮೇಲಿನ ಪರದಾಟ. ಕಚ್ಚುವ ಬಾಯಿಗೇ ಮೊದಲು ಬೀಗ ಹಾಕುವುದು ನಾಯಿಗೆ ಕೊಡುವ ಒಂದು ಸಣ್ಣ ಲಸಿಕೆ.

ಇನ್ನು ‘ಗೇಟು ದಾಟದ ನಾಯಿ’ಯ ವಾದ. ನಾಯಿ ಗೇಟು ದಾಟದಿದ್ದರೇನು, ರೋಗ ದಾಟಲಾರದೆ? ಹುಚ್ಚುನಾಯಿಗೆ ಕಾಂಪೌಂಡಿನ ಮರ್ಯಾದೆ ತಿಳಿಯದು. ಮುಂಗುಸಿಯೂ ಈ ರೋಗವನ್ನು ಹೊತ್ತು ತರಬಲ್ಲುದು. ಇಲಿಜ್ವರದ ಸೂಕ್ಷ್ಮಾಣುಗಳು ಇಲಿಯ ಮೂತ್ರದೊಡನೆ ಹಿತ್ತಿಲಿಗೇ ಬರುತ್ತವೆ. ಪಾರ್ವೊ ಎಂಬ ವೈರಾಣುವಂತೂ ಅತಿಥಿಗಳ ಪಾದರಕ್ಷೆಯಲ್ಲಿಯೇ ಪ್ರಯಾಣ ಮಾಡಿ, ನೆಲದಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. 1978ರ ಸುಮಾರಿಗೆ ಮೊದಲು ಗುರುತಿಸಲ್ಪಟ್ಟ ಅದು ಎರಡೇ ವರ್ಷಗಳಲ್ಲಿ ಭೂಮಂಡಲವನ್ನು ಸುತ್ತಿತು. ನಮ್ಮ ನೆರೆಯವರು ಹದಿನೈದು ಸಾವಿರ ರೂಪಾಯಿ ತೆತ್ತು ತಂದ ಮರಿಯೊಂದು ರಕ್ತಭೇದಿಯಾಗಿ ನಾಲ್ಕೇ ದಿನಗಳಲ್ಲಿ ಕಣ್ಣುಮುಚ್ಚಿದ್ದು ಇದೇ ರೋಗದಿಂದ. ಮಾರಿದವನು ‘ಎಲ್ಲ ಆಗಿದೆ’ ಎಂದಿದ್ದನಂತೆ. ಚೀಟಿಯನ್ನು ಮಾತ್ರ ಕೊಟ್ಟಿರಲಿಲ್ಲ.

ಮರಿಗೆ ಒಂದೇ ಸಲ ಹಾಕಿಸಿದರೆ ಸಾಲದೆ ಎಂದು ಕೇಳುವವರಿದ್ದಾರೆ. ಸಾಲದು, ಮತ್ತು ಕಾರಣ ಸ್ವಾರಸ್ಯವಾಗಿದೆ. ತಾಯಿಯ ಮೊದಲ ಹಾಲಿನೊಡನೆ ಮರಿಗೆ ಬರುವ ರಕ್ಷಣೆಯೇ ಲಸಿಕೆಯನ್ನೂ ಪರಕೀಯವೆಂದು ಬಗೆದು ಹೊಡೆದುಹಾಕುತ್ತದೆ. ತಾಯಿಯ ಆ ಕಾವಲು ಯಾವ ವಾರ ಹಿಂದೆ ಸರಿಯುತ್ತದೆಂದು ಹೇಳಲಾಗದು. ಒಂದೊಂದು ಮರಿಗೆ ಒಂದೊಂದು ವಾರ. ಆದ್ದರಿಂದ ಆರೆಂಟು ವಾರದ ವಯಸ್ಸಿನಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ, 16 ವಾರ ತುಂಬುವವರೆಗೆ ಮತ್ತೆ ಮತ್ತೆ ಹಾಕುತ್ತಾರೆ. ಡಿಸ್ಟೆಂಪರ್, ಪಾರ್ವೊ, ಕಾಮಾಲೆ ಇವೆಲ್ಲ ಈ ಲೆಕ್ಕದಲ್ಲಿ ಬರುತ್ತವೆ. ರೇಬೀಸಿನದು ಸಾಮಾನ್ಯವಾಗಿ 12 ವಾರಗಳ ಮೇಲೆ.

ದೊಡ್ಡ ನಾಯಿಯ ವಿಷಯದಲ್ಲಿ ಮಾತ್ರ ಮೊದಲ ಪಂಥದವರೊಡನೆ ನನ್ನದೊಂದು ತಕರಾರಿದೆ. ಎಲ್ಲ ಲಸಿಕೆಯನ್ನೂ ಪ್ರತಿವರ್ಷ ಹಾಕಿಸಲೇಬೇಕೆಂಬುದು ಶಾಸ್ತ್ರವಲ್ಲ, ರೂಢಿ. ಮರಿತನದ ಸರಣಿ ಮುಗಿದು, ವರ್ಷದೊಳಗೆ ಮರುಲಸಿಕೆಯೂ ಆದಮೇಲೆ, ಡಿಸ್ಟೆಂಪರ್ ಪಾರ್ವೊಗಳಿಗೆ ಮೂರು ವರ್ಷಕ್ಕೊಮ್ಮೆ ಸಾಕೆಂದು ಈಗಿನ ಅಂತರರಾಷ್ಟ್ರೀಯ ಮಾರ್ಗಸೂಚಿಗಳೇ ಹೇಳುತ್ತವೆ. ಇಲಿಜ್ವರದ್ದು ಬೇರೆ, ಅದರ ರಕ್ಷಣೆ ಅಲ್ಪಾಯುಷಿ, ವರ್ಷವರ್ಷವೂ ಬೇಕು. ರೇಬೀಸಿನ ವಿಷಯದಲ್ಲಿ ಸೀಸೆಯ ಮೇಲಿನ ಅವಧಿಯನ್ನೂ ಸ್ಥಳೀಯ ನಿಯಮವನ್ನೂ ಅನುಸರಿಸಬೇಕು. ಬೀದಿಯಲ್ಲಿ ಇಷ್ಟೊಂದು ನಾಯಿಗಳಿರುವ ನಮ್ಮ ಊರುಗಳಲ್ಲಿ ಇದೊಂದರಲ್ಲಿ ಚೌಕಾಸಿ ಕೂಡದೆಂದು ನನ್ನ ಮತ. ‘ಇದು ಯಾವ ರೋಗದ್ದು, ಈ ವರ್ಷ ಬೇಕೆ?’ ಎಂದು ಕೇಳಿದರೆ ಒಳ್ಳೆಯ ವೈದ್ಯರು ಮುನಿಯುವುದಿಲ್ಲ. ಲಸಿಕೆ ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿ ಇತ್ತೇ ಎಂದೂ ವಿಚಾರಿಸಬಹುದು. ಬಿಸಿಲಲ್ಲಿ ಕೂತ ಲಸಿಕೆ ಬರಿಯ ನೀರಿಗೆ ಸಮ. ಕೆಲವೊಮ್ಮೆ ನಾಯಿಯ ಮುಖ ಊದಿಕೊಳ್ಳುವುದುಂಟು. ಅಪರೂಪ, ಆದರೂ ಅರ್ಧ ಗಂಟೆ ಆಸ್ಪತ್ರೆಯ ಜಗುಲಿಯಲ್ಲೇ ಕುಳಿತಿದ್ದು ಬರುವುದು ಲೇಸು. ನಾನು ಜೊತೆಗೊಂದು ಪುಸ್ತಕ ಒಯ್ಯುತ್ತೇನೆ. ಕರಿಯ ಎದುರಿಗಿರುವ ಬೆಕ್ಕುಗಳನ್ನು ಅವಲೋಕಿಸುತ್ತಾನೆ.

ನಮ್ಮ ನಾಯಿಗೆ ನಾವು ಹಾಕಿಸಿದೆವು, ಮುಗಿಯಿತು ಎನ್ನುವಂತಿಲ್ಲ. ಒಂದು ಪ್ರದೇಶದ ನೂರು ನಾಯಿಗಳಲ್ಲಿ 70ಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆಂದು ಬಲ್ಲವರ ಲೆಕ್ಕ. ನೆರೆಯ ಗೋವೆಯಲ್ಲಿ 2013ರಿಂದೀಚೆಗೆ ಕೈಬಲೆ ಹಿಡಿದು ಬೀದಿ ಬೀದಿ ಅಲೆದು ನಾಯಿಗಳಿಗೆ ಲಸಿಕೆ ಹಾಕಿದರು. 2018 ಮತ್ತು 2019ರಲ್ಲಿ ಅಲ್ಲಿ ಈ ರೋಗದಿಂದ ಒಬ್ಬ ಮನುಷ್ಯನೂ ಸತ್ತ ವರದಿಯಿಲ್ಲ. ನಮ್ಮ ರಾಜ್ಯವೂ 2022ರಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಲೆಕ್ಕ ಸಿಕ್ಕಿದರೆ ತಾನೆ ಕೆಲಸ ಸಾಗುವುದು.

ನಮ್ಮ ಬೀದಿಯಲ್ಲಿ ಯಾರಿಗೂ ಸೇರದ, ಎಲ್ಲರ ಮನೆಯ ಅನ್ನವನ್ನೂ ತಿನ್ನುವ ಏಳು ನಾಯಿಗಳಿವೆ. ಹಾಲಿನವನು, ಇಸ್ತ್ರಿಯವನು, ಎದುರು ಮನೆಯ ಇಬ್ಬರು ಹುಡುಗಿಯರು ಮತ್ತು ನಾನು ಕೂಡಿ, ಬಿಸ್ಕತ್ತಿನ ಆಮಿಷ ತೋರಿಸಿ, ಪಶುವೈದ್ಯರನ್ನು ಕರೆತಂದು ಆರಕ್ಕೆ ಚುಚ್ಚಿಸಿದ್ದೇವೆ. ಏಳನೆಯದು, ಒಂದು ಕಿವಿ ಹರಿದ ಕೆಂಚುನಾಯಿ, ಇನ್ನೂ ಕೈಗೆ ಸಿಕ್ಕಿಲ್ಲ. ವೈದ್ಯರು ಭಾನುವಾರ ಮತ್ತೆ ಬರುತ್ತೇನೆಂದಿದ್ದಾರೆ.