ಮೂರು ಬಾರಿ ಹೇಳಿದರೂ ಕೇಳದ ಮಾತು

(ಮಾಗೋಡಿನಲ್ಲಿ ಮಾಡಿದ ಭಾಷಣದ ಪಠ್ಯ)



ದುಡಿಮೆಗಾಗಿ ಕೊಲ್ಲಿ ರಾಷ್ಟ್ರಗಳಿಗೆ ಹೋದವರನ್ನು ಕಾಯುವ ಮನೆಗಳು ನಮ್ಮಲ್ಲಿ ಬಹಳಷ್ಟಿವೆ. ಆದುದರಿಂದ ವಿಮಾನ ಸುರಕ್ಷತೆಯು ನಮಗೆ ದೂರದ ವಿಷಯವಲ್ಲ.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ 166 ಮಂದಿ ಇದ್ದರು. ಬದುಕುಳಿದವರು ಕೇವಲ 8. ಮೊದಲು ಎಲ್ಲರ ಬಾಯಲ್ಲೂ ಇದ್ದುದು ಟೈರ್ ಸಿಡಿದ ಮಾತು. ಆದರೆ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆಯು ದುರಂತದ ಕಾರಣವನ್ನು ಕಂಡದ್ದು ಚಕ್ರದಲ್ಲಲ್ಲ, ಚಾಲಕರ ಕೋಣೆಯಲ್ಲಿ.

ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ. ಬೇಡ್ತಿ ನದಿ ಧುಮುಕುವಲ್ಲಿ ನೆಲ ಹೇಗೆ ಹಠಾತ್ತನೆ ಮುಗಿಯುತ್ತದೆಂಬುದನ್ನು ಬಲ್ಲ ಮಾಗೋಡಿನವರಿಗೆ ಅದರ ಅಪಾಯವನ್ನು ವಿವರಿಸಬೇಕಾಗಿಲ್ಲ. ಅಂದು ಕ್ಯಾಪ್ಟನ್ ಪ್ರಯಾಣದ ವೇಳೆ ದೀರ್ಘಕಾಲ ನಿದ್ರಿಸಿದ್ದರು. ಮಂಗಳೂರಿನ ರಾಡಾರ್ ಕೆಟ್ಟಿದ್ದುದರಿಂದ ಕೆಳಗಿಳಿಯಲು ಅನುಮತಿಯೂ ತಡವಾಗಿ ದೊರೆಯಿತು. ವಿಮಾನವು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ, ಅತಿ ವೇಗದಲ್ಲಿ ಬಂತು. ಎಚ್ಚರಿಕೆಯ ಯಂತ್ರ ಕೂಗಿತು. ಇಳಿಯದೆ ಮತ್ತೆ ಮೇಲೇರೋಣವೆಂದು ಸಹಪೈಲಟ್ ಮೂರು ಬಾರಿ ಹೇಳಿದರು. ಕ್ಯಾಪ್ಟನ್ ಕೇಳಲಿಲ್ಲ.

2,450 ಮೀಟರ್ ಉದ್ದದ ರನ್‌ವೇಯಲ್ಲಿ ಸುಮಾರು 1,600 ಮೀಟರ್ ದಾಟಿದ ಮೇಲೆ ಚಕ್ರಗಳು ನೆಲ ಮುಟ್ಟಿದವು. ಬ್ರೇಕ್ ಹಾಕತೊಡಗಿದ ಬಳಿಕ ಕ್ಯಾಪ್ಟನ್ ಮತ್ತೆ ಹಾರಲು ಯತ್ನಿಸಿದರು. ಆಗ ಕಾಲ ಮೀರಿತ್ತು. ರನ್‌ವೇ ಆಚೆಗಿನ ಕಾಂಕ್ರೀಟ್ ಕಟ್ಟೆಗೆ ರೆಕ್ಕೆ ಬಡಿದು, ವಿಮಾನ ಕಣಿವೆಗುರುಳಿ ಹೊತ್ತಿ ಉರಿಯಿತು.

ಸಹಪೈಲಟ್ ತಾನಾಗಿಯೇ ವಿಮಾನವನ್ನು ಮೇಲೇರಿಸಬಹುದೇ ಎಂಬ ಬಗ್ಗೆ ನಿಯಮಗಳಲ್ಲೇ ಸ್ಪಷ್ಟತೆ ಇರಲಿಲ್ಲವೆಂಬುದನ್ನು ತನಿಖಾ ವರದಿ ಎತ್ತಿತೋರಿಸಿತು. ಅಪಾಯ ಕಂಡವನಿಗೆ ಹೇಳುವ ಬಾಯಿಯಿತ್ತು, ತಡೆಯುವ ಧೈರ್ಯವನ್ನು ವ್ಯವಸ್ಥೆ ಕೊಟ್ಟಿರಲಿಲ್ಲ.

ಈ ಪಾಠ ಸಾಕಾಗಿತ್ತೇ? 2020ರ ಆಗಸ್ಟ್ 7ರಂದು ಕೋಝಿಕೋಡಿನಲ್ಲಿ, ಅಂಥದೇ ಗುಡ್ಡದ ರನ್‌ವೇಯಲ್ಲಿ, ಅದೇ ಸಂಸ್ಥೆಯ ವಿಮಾನ ಮಳೆಯ ನಡುವೆ ಅರ್ಧ ದಾರಿಯಲ್ಲಿ ನೆಲ ಮುಟ್ಟಿ ಕೆಳಗುರುಳಿತು. 21 ಮಂದಿ ಮೃತಪಟ್ಟರು. ಅಲ್ಲಿಯೂ ಮೇಲೇರೋಣವೆಂಬ ಸಹಪೈಲಟ್‌ನ ಮಾತು ವ್ಯರ್ಥವಾಯಿತು. ಹತ್ತು ವರ್ಷಗಳ ಅಂತರದಲ್ಲಿ ಎರಡು ದುರಂತ, ಕಿವಿಗೊಡದ ಮಾತು ಮಾತ್ರ ಒಂದೇ.

ಸತ್ತವರನ್ನು ದೂಷಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ದಣಿದ ಚಾಲಕನನ್ನು ಹಾರಲು ಬಿಡುವವರು ಯಾರು? ಕೆಟ್ಟ ರಾಡಾರ್‌ಗೆ ಹೊಣೆ ಯಾರು? ಪರಿಹಾರಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದ ಕುಟುಂಬಗಳ ಪರವಾಗಿ ನಾವು ಕೇಳಬೇಕಾದ ಪ್ರಶ್ನೆಗಳಿವು. ಜನಪ್ರತಿನಿಧಿಗಳು ಬಂದಾಗ ಹೆಚ್ಚು ವಿಮಾನಗಳನ್ನು ಬೇಡುವ ನಾವು ಸುರಕ್ಷತೆಯ ಲೆಕ್ಕವನ್ನೂ ಕೇಳೋಣ.

ನಮ್ಮ ಮನೆ, ಸಂಘಟನೆಗಳಲ್ಲೂ ಕಿರಿಯರು ತಪ್ಪನ್ನು ತೋರಿಸಿದರೆ ನಾವದನ್ನು ಅಧಿಕಪ್ರಸಂಗವೆನ್ನುತ್ತೇವೆ. ಹಿರಿಯರೇ, ಅವರು ಮೊದಲ ಬಾರಿ ಹೇಳಿದಾಗಲೇ ಕೇಳಿರಿ. ಯುವಕರೇ, ವಿನಯದಿಂದ ಹೇಳಿರಿ, ಆದರೆ ಹೇಳದೆ ಇರಬೇಡಿರಿ.